ತೋಳದಿಂದ ಮಣ್ಣಿನ ಪಾಠ ಕಲಿತ ಆಲ್ಡೋ ಲಿಯೋಪೋಲ್ಡ್

ಕುರಿ ಸಾಕುವವರ ಮುಂದೆ ತೋಳದ ಪರವಾಗಿ ಮಾತನಾಡುವುದು ಸುಲಭವಲ್ಲ. ಹಟ್ಟಿಗೆ ತೋಳ ನುಗ್ಗಿ ಒಂದೇ ರಾತ್ರಿಯಲ್ಲಿ ನಾಲ್ಕಾರು ಕುರಿ ಕಳೆದುಕೊಂಡವನಿಗೆ ಅದರ ಸಂರಕ್ಷಣೆಯ ಮಾತು ಗಾಯದ ಮೇಲೆ ಬರೆ ಎಳೆದಂತೆ. ಆದರೂ ಈ ವಾರ ತೋಳದ ಪರ ನಿಂತ ಒಬ್ಬರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇನೆ. ಅವರು ಪಟ್ಟಣದಲ್ಲಿ ಕುಳಿತು ಪ್ರಾಣಿದಯೆಯ ಉಪದೇಶ ಮಾಡಿದವರಲ್ಲ. ಮೊದಲು ತಾವೇ ಬಂದೂಕು ಹಿಡಿದು ತೋಳ ಕೊಂದವರು. ತೋಳಗಳೆಲ್ಲ ನಿರ್ನಾಮವಾಗಬೇಕೆಂದು ಸಭೆಗಳಲ್ಲಿ ವಾದಿಸಿದವರು. ಆಮೇಲೆ ಹುಲ್ಲು, ಮರ, ಮಣ್ಣು, ಹಳ್ಳದ ನೀರು ಇವನ್ನು ಮೂವತ್ತು ವರ್ಷ ಕಣ್ಣಿಟ್ಟು ನೋಡಿ, ತಮ್ಮ ಲೆಕ್ಕ ತಪ್ಪಿತ್ತೆಂದು ಬರೆದು ಒಪ್ಪಿಕೊಂಡವರು. ಅಮೆರಿಕದ ಅರಣ್ಯಾಧಿಕಾರಿ, ಆಮೇಲೆ ಪ್ರಾಧ್ಯಾಪಕ ಆಲ್ಡೋ ಲಿಯೋಪೋಲ್ಡ್ ಅವರ ವಿಷಯ ಹೇಳುತ್ತಿದ್ದೇನೆ.

ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ. ಊರ ಪಕ್ಕದಲ್ಲೇ ಮಿಸಿಸಿಪಿ ಮಹಾನದಿ. ಮನೆಯವರು ಜರ್ಮನ್ ಮೂಲದವರು. ತಂದೆ ಮೇಜು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ಅವರಿಗೆ ಬೇಟೆಯ ಹವ್ಯಾಸ. ಆದರೆ ಆ ತಂದೆಯಲ್ಲಿ ಒಂದು ವಿಶೇಷ ಗುಣವಿತ್ತು. ಬೇಟೆಗೆ ಕಾನೂನಿನ ಮಿತಿ ಇನ್ನೂ ಬಾರದಿದ್ದ ದಿನಗಳಲ್ಲೇ ಅವರು ತಮಗೆ ತಾವೇ ಮಿತಿ ಹಾಕಿಕೊಂಡರು. ಹಕ್ಕಿಗಳು ಗೂಡು ಕಟ್ಟಲು ಹೋಗುವ ವಸಂತಕಾಲದಲ್ಲಿ ಬಾತುಗಳ ಬೇಟೆಯನ್ನು ನಿಲ್ಲಿಸಿಬಿಟ್ಟರು. ಮಗ ತಂದೆಯ ಜೊತೆ ಜೌಗು ನೆಲಗಳಲ್ಲಿ ಅಲೆದು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಂಡ. ಈ ಬರೆದಿಡುವ ಅಭ್ಯಾಸ ಕೊನೆಯ ದಿನದವರೆಗೂ ಬಿಡಲಿಲ್ಲ. 1909ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಅರಣ್ಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದೇ ವರ್ಷ ಸರ್ಕಾರದ ಅರಣ್ಯ ಸೇವೆಗೆ ಸೇರಿದರು.

ಮೊದಲ ನೇಮಕ ಆರಿಜೋನಾದ ಅಪಾಚೆ ಅರಣ್ಯಕ್ಕೆ. ಆಗ ಆರಿಜೋನಾ ಇನ್ನೂ ರಾಜ್ಯವೂ ಆಗಿರಲಿಲ್ಲ. ಕುದುರೆಯ ಮೇಲೆ ಹೋಗಿ ಕಾಡನ್ನು ಅಳೆದು, ಎಷ್ಟು ಮರವಿದೆ ಎಂದು ಅಂದಾಜು ಮಾಡುವುದು ಕೆಲಸ. ವಯಸ್ಸು ಇಪ್ಪತ್ತೆರಡು, ಕೈಯಲ್ಲಿ ಬಂದೂಕು, ಕೈಕೆಳಗೆ ಕೆಲವು ಮಂದಿ. ಆ ಸೆಪ್ಟೆಂಬರಿನಲ್ಲಿ ಒಂದು ದಿನ ಬೆಟ್ಟದ ಅಂಚಿನಲ್ಲಿ ಕುಳಿತು ಬುತ್ತಿ ಉಣ್ಣುತ್ತಿದ್ದಾಗ ಕೆಳಗಿನ ಹೊಳೆಯನ್ನು ಒಂದು ಪ್ರಾಣಿ ದಾಟುವುದು ಕಾಣಿಸಿತು. ಜಿಂಕೆ ಎಂದುಕೊಂಡರು. ದಡಕ್ಕೆ ಬಂದು ಮೈ ಕೊಡವಿದಾಗ ತೋಳವೆಂದು ತಿಳಿಯಿತು. ಬೆಳೆದ ಮರಿಗಳು ಪೊದೆಯಿಂದ ಹೊರಬಂದು ಅದನ್ನು ಸುತ್ತುವರಿದವು. ಆಗಿನ ಕಾಲದಲ್ಲಿ ತೋಳ ಕಂಡು ಗುಂಡು ಹಾರಿಸದೆ ಬಿಟ್ಟವರೇ ಇರಲಿಲ್ಲ. ಇವರೂ ಹಾರಿಸಿದರು. ತಾಯಿ ತೋಳ ಬಿತ್ತು. ಕೆಳಗಿಳಿದು ಹತ್ತಿರ ಹೋದಾಗ ಅದಕ್ಕಿನ್ನೂ ಜೀವವಿತ್ತು. ಅದರ ಕಣ್ಣಿನ ಬೆಳಕು ಆರುವುದನ್ನು ಲಿಯೋಪೋಲ್ಡ್ ನೋಡಿದರು. ಅಂದು ಮನಸ್ಸಿಗೆ ಅದು ಹೆಚ್ಚೇನೂ ನಾಟಲಿಲ್ಲ. ಮನೆಗೆ ಬರೆದ ಕಾಗದದಲ್ಲಿ ಎರಡು ತೋಳ ಹೊಡೆದ ಸುದ್ದಿ ಬಂದುಹೋಗುತ್ತದೆ, ಅಷ್ಟೆ.

ಅವರನ್ನು ಕ್ರೂರಿ ಎನ್ನುವುದು ತಪ್ಪಾಗುತ್ತದೆ. ಆ ಕಾಲದ ವಿಜ್ಞಾನವೇ ಹಾಗಿತ್ತು. ತೋಳ ಜಿಂಕೆ ತಿನ್ನುತ್ತದೆ. ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತದೆ. ತೋಳವೇ ಇಲ್ಲದಿದ್ದರೆ ಬೇಟೆಗಾರನಿಗೂ ದನಗಾರನಿಗೂ ಸ್ವರ್ಗ. ಕೂಡಿಸಿ ಕಳೆಯುವ ಈ ಲೆಕ್ಕವನ್ನು ಯಾರೂ ಅನುಮಾನಿಸಲಿಲ್ಲ. 1915ರಿಂದ ಕೇಂದ್ರ ಸರ್ಕಾರವೇ ಹಣ ಕೊಟ್ಟು ಸಂಬಳದ ಬೇಟೆಗಾರರನ್ನು ನೇಮಿಸಿತು. ಉಕ್ಕಿನ ಬೋನು, ವಿಷದ ಮಾಂಸ, ಗವಿಯಿಂದ ಮರಿಗಳನ್ನು ಅಗೆದು ತೆಗೆಯುವುದು, ಎಲ್ಲವೂ ನಡೆದವು. ಅದೇ ವರ್ಷ ಲಿಯೋಪೋಲ್ಡ್ ನ್ಯೂ ಮೆಕ್ಸಿಕೋದಲ್ಲಿ ಊರೂರು ತಿರುಗಿ ಬೇಟೆಪ್ರಾಣಿ ರಕ್ಷಣಾ ಸಂಘಗಳನ್ನು ಕಟ್ಟಲು ಹೊರಟರು, ಅವುಗಳಿಗಾಗಿ ಒಂದು ಪತ್ರಿಕೆಯನ್ನೂ ನಡೆಸಿದರು. ಸಂಘಗಳ ಬೇಡಿಕೆಗಳಲ್ಲಿ ತೋಳದ ನಾಶವೂ ಒಂದು. 1920ರಲ್ಲಿ ಒಂದು ಸಮ್ಮೇಳನದಲ್ಲಿ ಮಾತನಾಡುತ್ತಾ, ನ್ಯೂ ಮೆಕ್ಸಿಕೋದ ಕಟ್ಟಕಡೆಯ ತೋಳ ಸಾಯುವವರೆಗೂ ಕೆಲಸ ಮುಗಿದಂತಲ್ಲ ಎಂಬ ಅರ್ಥದಲ್ಲಿ ವಾದಿಸಿದರು.

ಕುರಿಗಾರರ ಕಷ್ಟ ಅವರಿಗೆ ಗೊತ್ತಿರಲಿಲ್ಲವೆಂದೂ ಅಲ್ಲ. 1912ರಲ್ಲಿ ಅವರು ಮದುವೆಯಾದ ಎಸ್ಟೆಲ್ಲಾ ನ್ಯೂ ಮೆಕ್ಸಿಕೋದ ಹಳೆಯ ಕುರಿ ಸಾಹುಕಾರರ ಮನೆತನದವರು. ಆಗ ಲಿಯೋಪೋಲ್ಡ್ ಕಾರ್ಸನ್ ಅರಣ್ಯದ ಮುಖ್ಯಾಧಿಕಾರಿ. ಅಲ್ಲಿ ಲಕ್ಷಗಟ್ಟಲೆ ಕುರಿ ಮೇಯ್ದು ನೆಲ ಬೋಳಾಗಿತ್ತು. 1913ರ ಏಪ್ರಿಲಿನಲ್ಲಿ ಮೇವಿನ ಜಗಳ ಬಗೆಹರಿಸಲು ದೂರದ ಭಾಗಕ್ಕೆ ಹೋಗಿ, ಹಿಮ ಮಳೆಗಳಲ್ಲಿ ತೋಯ್ದು ಮರಳಿದಾಗ ಮೂತ್ರಪಿಂಡದ ಉರಿಯೂತ ಹಿಡಿಯಿತು. ಸಾವಿನ ಬಾಗಿಲಿಗೆ ಹೋಗಿ ಬಂದರು. ಚೇತರಿಸಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು.

ಕೊರಕಲುಗಳ ಲೆಕ್ಕ

1919ರಲ್ಲಿ ಅವರಿಗೆ ಆರಿಜೋನಾ, ನ್ಯೂ ಮೆಕ್ಸಿಕೋ ಎರಡೂ ಸೇರಿದ ವಿಶಾಲ ಪ್ರದೇಶದ ಅರಣ್ಯಗಳನ್ನು ತಪಾಸಣೆ ಮಾಡುವ ಹೊಣೆ ಬಂತು. ನನ್ನ ಮಟ್ಟಿಗೆ ಅವರ ನಿಜವಾದ ವಿದ್ಯಾಭ್ಯಾಸ ಶುರುವಾದದ್ದು ಇಲ್ಲಿ. ತಪಾಸಣೆಗೆ ಹೋದಲ್ಲೆಲ್ಲ ಮರ ಎಣಿಸುವ ಬದಲು ನೆಲ ನೋಡತೊಡಗಿದರು. ಹುಲ್ಲು ಹೋದ ಕಡೆ ಮಣ್ಣು ಕೊಚ್ಚಿಹೋಗಿ ಆಳೆತ್ತರದ ಕೊರಕಲುಗಳು ಬಿದ್ದಿದ್ದವು. ಬ್ಲೂ ನದಿಯ ಕಣಿವೆಯಲ್ಲಿ ಒಂದು ಕಾಲಕ್ಕೆ ಸೊಂಪಾದ ಹೊಲ ತೋಟಗಳಿದ್ದವು. ಮೇಲಿನ ಗುಡ್ಡಗಳಲ್ಲಿ ದನ ವಿಪರೀತ ಮೇಯ್ದ ಮೇಲೆ ಪ್ರವಾಹ ಬಂದು, ಸಾಗುವಳಿ ನೆಲದ ಹತ್ತರಲ್ಲಿ ಒಂಬತ್ತು ಪಾಲು ನದಿಯ ಪಾಲಾಗಿತ್ತು ಎಂಬುದು ಅವರ ಲೆಕ್ಕ. ಒಕ್ಕಲುಗಳು ಗುಳೆ ಹೋಗಿದ್ದವು. 1923ರಲ್ಲಿ ಜಲಾನಯನ ಪ್ರದೇಶಗಳ ಬಗ್ಗೆ ಅಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದರು. ಗುಡ್ಡದ ನೆತ್ತಿಯಿಂದ ಹಿಡಿದು ಹಳ್ಳದ ಬಾಯಿಯವರೆಗೆ ಎಲ್ಲವನ್ನೂ ಒಂದೇ ಘಟಕವಾಗಿ ನೋಡಬೇಕೆಂಬ ಮಾತು ನಮ್ಮ ಇಲಾಖೆಗೆ ಬಂದದ್ದು ಬಹಳ ತಡವಾಗಿ.

ಆದರೆ ಇನ್ನೂ ಒಂದು ಕೊಂಡಿ ಜೋಡಿಸುವುದು ಬಾಕಿಯಿತ್ತು. ದನದಿಂದ ನೆಲ ಕೆಡುತ್ತದೆಂದು ಅವರಿಗೆ ತಿಳಿದಿತ್ತು. ಜಿಂಕೆಯಿಂದಲೂ ಕೆಡಬಹುದು, ಜಿಂಕೆಯನ್ನು ಹದ್ದಿನಲ್ಲಿಡುವ ತೋಳಕ್ಕೂ ಮಣ್ಣಿಗೂ ಸಂಬಂಧವಿದೆ ಎಂಬುದು ಹೊಳೆದಿರಲಿಲ್ಲ. 1924ರಲ್ಲಿ ಅವರ ಒತ್ತಾಯದಿಂದ ಸರ್ಕಾರ ನ್ಯೂ ಮೆಕ್ಸಿಕೋದ ಗಿಲಾ ಅರಣ್ಯದಲ್ಲಿ ಏಳೂವರೆ ಲಕ್ಷ ಎಕರೆಯನ್ನು ರಸ್ತೆಯಿಲ್ಲದ ಕಾಡಾಗಿಯೇ ಉಳಿಸಲು ಒಪ್ಪಿತು. ಅಂಥ ಏರ್ಪಾಟು ದೇಶದಲ್ಲೇ ಮೊದಲನೆಯದು. ಮುಂದೆ ಆದದ್ದನ್ನು ನೋಡಿ. ತೋಳಗಳನ್ನು ಕೊಂದದ್ದರಿಂದ ಅಲ್ಲಿ ಜಿಂಕೆ ಮಿತಿಮೀರಿತು. ಅವುಗಳನ್ನು ಹೊಡೆಯಲು ಬೇಟೆಗಾರರು ಒಳಗೆ ಹೋಗಬೇಕಲ್ಲ, ಅದಕ್ಕೆ 1930ರ ಆಸುಪಾಸಿನಲ್ಲಿ ಅದೇ ಕಾಡಿನ ನಡುವೆ ರಸ್ತೆ ತೆರೆಯಲಾಯಿತು. ಲಿಯೋಪೋಲ್ಡ್ ಉಳಿಸಿದ ಕಾಡು, ಲಿಯೋಪೋಲ್ಡ್ ಬೇಡಿದ ತೋಳನಾಶದಿಂದಲೇ ಎರಡು ತುಂಡಾಯಿತು.

ಇದಕ್ಕಿಂತ ದೊಡ್ಡ ಉದಾಹರಣೆ ಆರಿಜೋನಾದ ಕೈಬಾಬ್ ಪ್ರಸ್ಥಭೂಮಿ. 1906ರಲ್ಲಿ ಅದನ್ನು ಜಿಂಕೆಗಳ ರಕ್ಷಿತ ತಾಣವೆಂದು ಸಾರಿದರು. ಜಿಂಕೆ ಬೇಟೆ ನಿಷೇಧಿಸಿ, ಹಿಂಸ್ರ ಪ್ರಾಣಿಗಳನ್ನು ಕೊಲ್ಲಲು ಹತ್ತಿದರು. ಇಪ್ಪತ್ತೈದು ವರ್ಷಗಳಲ್ಲಿ ಪ್ಯೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿ 781, ನರಿಯನ್ನು ಹೋಲುವ ಕಯೋಟಿ ಐದು ಸಾವಿರದಷ್ಟು, ಕಾಡುಬೆಕ್ಕು ಐದುನೂರಕ್ಕೂ ಹೆಚ್ಚು ಸತ್ತವು. ತೋಳಗಳು ಸಂಖ್ಯೆಯಲ್ಲಿ ಮೂವತ್ತೇ, ಆದರೆ ಅಲ್ಲಿದ್ದದ್ದೇ ಅಷ್ಟು. ಜಿಂಕೆಗಳು ನಾಲ್ಕು ಸಾವಿರದಿಂದ ಲಕ್ಷದವರೆಗೆ ಏರಿದವೆಂದು ಆಗ ಅಂದಾಜು ಮಾಡಿದರು. ಹುಲ್ಲು ಮುಗಿಯಿತು, ಚಿಗುರು ಮುಗಿಯಿತು. ಹಿಂಗಾಲ ಮೇಲೆ ನಿಂತು ಬಾಯಿಗೆ ಎಟುಕುವಷ್ಟೂ ಎತ್ತರದ ಸೊಪ್ಪನ್ನು ತಿಂದು, ಕಾಡಿನ ಮರಗಳೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಿದಂತೆ ಕಾಣುತ್ತಿದ್ದವು. 1924ರ ಚಳಿಗಾಲ ಬರುವ ಹೊತ್ತಿಗೆ ಸಾವಿರಾರು ಜಿಂಕೆಗಳು ಎಲುಬಿನ ಗೂಡಾಗಿದ್ದವು. ಆ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ಜನ ಸಾಲಾಗಿ ನಿಂತು, ಗಂಟೆ ಬಾರಿಸುತ್ತಾ ಜಿಂಕೆಗಳನ್ನು ದನದ ಹಿಂಡಿನಂತೆ ಅಟ್ಟಿಕೊಂಡು, ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾ ಕಮರಿಯ ಆಚೆ ದಡಕ್ಕೆ ದಾಟಿಸಲು ಹೋದರು. ಹಿಮ ಸುರಿಯಿತು. ಜಿಂಕೆಗಳು ಜನರ ನಡುವೆ ನುಸುಳಿ ಹಿಂದಕ್ಕೋಡಿದವು. ಒಂದನ್ನೂ ದಾಟಿಸಲಾಗಲಿಲ್ಲ. ಮುಂದಿನ ಎರಡು ಚಳಿಗಾಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಿಂಕೆಗಳು ಹಸಿವಿನಿಂದ ಸತ್ತವೆನ್ನುತ್ತಾರೆ.

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1970ರಲ್ಲಿ ಗ್ರೇಮ್ ಕಾಗ್ಲಿ ಎಂಬ ವಿಜ್ಞಾನಿ ಹಳೆಯ ದಾಖಲೆ ಕೆದಕಿ, ಜಿಂಕೆಯ ಲೆಕ್ಕ ಬರಿಯ ಊಹೆಯೆಂದೂ, ಅದೇ ಅವಧಿಯಲ್ಲಿ ಆ ನೆಲದಿಂದ ಕುರಿ ದನಗಳನ್ನು ತೆಗೆದದ್ದೂ ಜಿಂಕೆ ಹೆಚ್ಚಲು ಕಾರಣವಿರಬಹುದೆಂದೂ ತೋರಿಸಿದ. ಆಮೇಲೆ ಅಲ್ಲಿನ ಆಸ್ಪೆನ್ ಮರಗಳ ವಯಸ್ಸು ಎಣಿಸಿದವರಿಗೆ ಇಪ್ಪತ್ತರ ದಶಕದಲ್ಲಿ ಹುಟ್ಟಿದ ಮರಗಳು ತೀರ ವಿರಳವೆಂದು ಕಂಡುಬಂತು. ಎಂದರೆ ಲಕ್ಷವಲ್ಲದಿದ್ದರೂ ಜಿಂಕೆ ಅತಿಯಾಗಿದ್ದುದು ನಿಜ. ಸಸಿಗಳನ್ನು ಅವು ತಿಂದುಹಾಕಿದ್ದವು.

ರೈತರ ನಡುವೆ ಪ್ರಾಧ್ಯಾಪಕ

1924ರಲ್ಲೇ ಲಿಯೋಪೋಲ್ಡ್ ಸಂಸಾರ ಸಮೇತ ಉತ್ತರದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಪಟ್ಟಣಕ್ಕೆ ವರ್ಗವಾಗಿ ಬಂದರು. ನಾಲ್ಕು ವರ್ಷದ ಮೇಲೆ ಸರ್ಕಾರಿ ಕೆಲಸ ಬಿಟ್ಟರು. ರಾಜ್ಯದಿಂದ ರಾಜ್ಯಕ್ಕೆ ತಿರುಗಿ ಕಾಡುಪ್ರಾಣಿಗಳ ಸಮೀಕ್ಷೆ ಮಾಡಿದರು. 1933ರಲ್ಲಿ ಆ ವಿಷಯದ ಪಠ್ಯಪುಸ್ತಕ ಬರೆದರು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ ಅವರಿಗಾಗಿ ಪ್ರಾಧ್ಯಾಪಕ ಹುದ್ದೆಯನ್ನೇ ಸೃಷ್ಟಿಸಿತು. ಅದನ್ನು ಇಟ್ಟದ್ದು ಪ್ರಾಣಿಶಾಸ್ತ್ರ ವಿಭಾಗದಲ್ಲಲ್ಲ, ಕೃಷಿ ಅರ್ಥಶಾಸ್ತ್ರ ವಿಭಾಗದಲ್ಲಿ. ಕಾಡುಪ್ರಾಣಿ ಉಳಿಯುವುದೋ ಅಳಿಯುವುದೋ ಕೊನೆಗೆ ಹೊಲದ ಒಡೆಯನ ಕೈಯಲ್ಲಿದೆ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ರೈತರಿಗಾಗಿ ಚಳಿಗಾಲದ ಅಲ್ಪಾವಧಿ ತರಗತಿ ನಡೆಸಿದರು. ರೇಡಿಯೋದಲ್ಲಿ ಮಾತನಾಡಿದರು. ಈ ನಮ್ಮ ಪುಟದಂತೆಯೇ ಇದ್ದ ರೈತ ಪತ್ರಿಕೆಯೊಂದಕ್ಕೆ 1938ರಿಂದ ಕೆಲವು ವರ್ಷ ಚಿಕ್ಕ ಚಿಕ್ಕ ಲೇಖನ ಬರೆದರು. ಬದುವಿನ ಪೊದೆಯನ್ನು ಸವರಿಹಾಕಬೇಡಿ, ಹಕ್ಕಿಗೆ ಚಳಿಗಾಲದಲ್ಲಿ ಆಸರೆ ಬೇಕು, ಇಂಥ ವಿಷಯಗಳು.

ಅವರು ಕೈ ಹಾಕಿದ ಕೆಲಸಗಳಲ್ಲಿ ರೈತರು ತಿಳಿಯಬೇಕಾದದ್ದು ಕೂನ್ ವ್ಯಾಲಿ ಯೋಜನೆ. ವಿಸ್ಕಾನ್ಸಿನ್ನಿನ ನೈರುತ್ಯದಲ್ಲಿ ಕಡಿದಾದ ಗುಡ್ಡಗಳ ನಡುವಿನ ಕಣಿವೆ ಅದು. ಒಕ್ಕಲುಗಳು ಇಳಿಜಾರಿನ ಉದ್ದಕ್ಕೂ ಮೇಲಿಂದ ಕೆಳಗೆ ನೇಗಿಲು ಹೊಡೆದು, ಕಾಡಿನ ಗುಡ್ಡಕ್ಕೂ ದನ ಬಿಟ್ಟು, ಅರ್ಧ ಶತಮಾನದಲ್ಲಿ ನೆಲವನ್ನು ಸೀಳಿಹಾಕಿದ್ದರು. ಮಳೆ ಬಂದರೆ ಹೊಲದ ಮಣ್ಣು ಊರೊಳಗೆ ಬರುತ್ತಿತ್ತು. 1933ರಲ್ಲಿ ಹೊಸದಾಗಿ ಹುಟ್ಟಿದ ಭೂಸವಕಳಿ ಇಲಾಖೆ ಇಡೀ ಕಣಿವೆಯನ್ನೇ ಪ್ರಯೋಗಕ್ಕೆ ಆರಿಸಿಕೊಂಡಿತು. ದೇಶದಲ್ಲಿ ಒಂದು ಪೂರ್ಣ ಜಲಾನಯನದ ಮಟ್ಟದಲ್ಲಿ ಮಾಡಿದ ಮೊದಲ ಕೆಲಸವದು. ವಿಶ್ವವಿದ್ಯಾನಿಲಯದ ಪರವಾಗಿ ಸಲಹೆ ಕೊಟ್ಟವರಲ್ಲಿ ಲಿಯೋಪೋಲ್ಡ್ ಒಬ್ಬರು. ಸರ್ಕಾರ ಬೀಜ, ಸುಣ್ಣ, ಬೇಲಿ ತಂತಿ, ಕೂಲಿ ಕೊಡುವುದು. ರೈತ ಐದು ವರ್ಷ ಒಪ್ಪಂದದಂತೆ ನಡೆಯುವುದು. ಸಮಪಾತಳಿಯ ಪಟ್ಟೆಗಳಲ್ಲಿ ಒಂದು ಪಟ್ಟೆ ಧಾನ್ಯ, ಒಂದು ಪಟ್ಟೆ ಕುದುರೆಮೆಂತೆಯಂಥ ಮೇವು. ಕಡಿದಾದ ಗುಡ್ಡಕ್ಕೆ ಬೇಲಿ ಹಾಕಿ ದನವನ್ನು ಹೊರಗಿಡುವುದು. ನಾನೂರಕ್ಕೂ ಹೆಚ್ಚು ರೈತರು ಸಹಿ ಹಾಕಿದರು. ಮುಂದಿನ ದಶಕಗಳಲ್ಲಿ ಅಲ್ಲಿನ ಹಳ್ಳಗಳಲ್ಲಿ ಹೂಳು ತುಂಬುವುದು ಮೂವತ್ತರ ದಶಕಕ್ಕೆ ಹೋಲಿಸಿದರೆ ಬಹಳ ಇಳಿದದ್ದನ್ನು ಅಳೆದು ನೋಡಿದ್ದಾರೆ. ಬದು ಹಾಕಿಸಲು ಒಂದು ಹಳ್ಳಿಯ ಹತ್ತು ಮಂದಿಯನ್ನು ಒಪ್ಪಿಸಲು ಪಡುವ ಪಾಡು ಬಲ್ಲವರಿಗೆ ಆ ನಾನೂರು ಸಹಿಗಳ ಬೆಲೆ ತಿಳಿಯುತ್ತದೆ.

ಬೇರೆಯವರಿಗೆ ಹೇಳಿದ್ದನ್ನು ತಾವೂ ಮಾಡಿದರು. 1935ರಲ್ಲಿ ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ, ಹಿಂದಿನವರು ಬೆಳೆ ತೆಗೆದು ತೆಗೆದು ಸಾರವೆಲ್ಲ ಹೀರಿ ಬಿಟ್ಟುಹೋಗಿದ್ದ 80 ಎಕರೆ ಮರಳು ನೆಲ ಕೊಂಡರು. ಮನೆ ಸುಟ್ಟುಹೋಗಿತ್ತು. ನಿಂತಿದ್ದದ್ದು ಒಂದು ಕೋಳಿ ಗುಡಿಸಲು ಮಾತ್ರ, ಅದರೊಳಗೂ ಗೊಬ್ಬರ ಗಟ್ಟಿಕಟ್ಟಿತ್ತು. ಅದನ್ನೇ ಗೋರಿ ಹೊರಹಾಕಿ, ರಿಪೇರಿ ಮಾಡಿ, ವಾರದ ಕೊನೆಯಲ್ಲಿ ಗಂಡ ಹೆಂಡತಿ ಐದು ಮಕ್ಕಳು ಬಂದು ದುಡಿದರು. 1936ರ ವಸಂತದಲ್ಲಿ ನೆಟ್ಟ ಪೈನ್ ಸಸಿಗಳಲ್ಲಿ ಬಹುಪಾಲು ಆ ವರ್ಷದ ಬರಕ್ಕೆ ಒಣಗಿದವು. ಮರುವರ್ಷ ಮತ್ತೆ ನೆಟ್ಟರು, ಅದರ ಮರುವರ್ಷವೂ ನೆಟ್ಟರು. ಹೀಗೆ ಬದುಕಿರುವವರೆಗೆ ಹತ್ತಾರು ಸಾವಿರ ಸಸಿ. ಅಲ್ಲಿ ಪ್ರತಿ ಹೂವು ಅರಳಿದ ದಿನ, ಪ್ರತಿ ಹಕ್ಕಿ ಬಂದ ದಿನ ಬರೆದಿಟ್ಟರು. ಅವರ ಮಗಳು ನೀನಾ ಅದೇ ನೆಲದಲ್ಲಿ 1976ರಿಂದ ಈ ದಾಖಲೆ ಮುಂದುವರಿಸಿದ್ದರಿಂದ, ವಸಂತ ಎಷ್ಟು ದಿನ ಮೊದಲೇ ಬರುತ್ತಿದೆ ಎಂದು ಹೋಲಿಸಿ ನೋಡಲು ವಿಜ್ಞಾನಿಗಳಿಗೆ ಸಾಧ್ಯವಾಯಿತು.

ಎರಡು ಪ್ರವಾಸ

ತೋಳದ ವಿಷಯದಲ್ಲಿ ಅವರ ಮನಸ್ಸು ಹಂತ ಹಂತವಾಗಿ ತಿರುಗಿತು. ಅದನ್ನು ಗಟ್ಟಿ ಮಾಡಿದ್ದು ಎರಡು ಪ್ರವಾಸಗಳು. 1935ರಲ್ಲಿ ಮೂರು ತಿಂಗಳು ಜರ್ಮನಿಯಲ್ಲಿ ಕಾಡು ನೋಡಿದರು. ಅಲ್ಲಿ ಕಾಡೆಂದರೆ ಸಾಲು ಹಿಡಿದು ನೆಟ್ಟ ಒಂದೇ ಜಾತಿಯ ಮರ. ತೋಳ ಎಂದೋ ಮುಗಿದಿತ್ತು. ಜಿಂಕೆಗಳಿಗೆ ಮನುಷ್ಯರೇ ಮೇವು ಹಾಕಿ ಸಾಕುತ್ತಿದ್ದರು. ಅವು ಸಸಿ ತಿನ್ನದಂತೆ ಮತ್ತೆ ಬೇಲಿ ಹಾಕುತ್ತಿದ್ದರು. ಮರಗಳ ಕೆಳಗೆ ಹೂವಿಲ್ಲ, ಪೊದೆಯಿಲ್ಲ. ತೋಳ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಖರ್ಚು ಎಷ್ಟು ಎಂಬುದು ಅಲ್ಲಿ ಕಣ್ಣಿಗೆ ಬಿತ್ತು.

ಮರುವರ್ಷ, ಅದರ ಮುಂದಿನ ವರ್ಷ, ಉತ್ತರ ಮೆಕ್ಸಿಕೋದ ಸಿಯೆರಾ ಮಾದ್ರೆ ಬೆಟ್ಟಗಳಲ್ಲಿ ಗಾವಿಲಾನ್ ನದಿಯ ಕಡೆ ಬೇಟೆಗೆ ಹೋದರು. ತಾವು ದುಡಿದಿದ್ದ ಆರಿಜೋನಾದಂಥದೇ ನೆಲ, ಅಂಥದೇ ಮಳೆ. ಆದರೆ ಇಲ್ಲಿ ದನ ಹೆಚ್ಚು ಬಂದಿರಲಿಲ್ಲ, ತೋಳವನ್ನು ಯಾರೂ ಮುಗಿಸಿರಲಿಲ್ಲ. ಹೊಳೆ ತಿಳಿಯಾಗಿ ಹರಿಯುತ್ತಿತ್ತು. ದಡದಲ್ಲಿ ಹುಲ್ಲಿತ್ತು, ಕೊರಕಲಿರಲಿಲ್ಲ. ತೋಳ, ಪ್ಯೂಮಾ ಎರಡೂ ಇದ್ದರೂ ಜಿಂಕೆ ಧಾರಾಳವಾಗಿದ್ದವು, ಮೈತುಂಬಿಕೊಂಡಿದ್ದವು, ಆದರೆ ಅತಿಯಾಗಿರಲಿಲ್ಲ. ಆರೋಗ್ಯವಾಗಿರುವ ನೆಲ ಹೇಗಿರುತ್ತದೆಂದು ಅವರು ನೋಡಿದ್ದು ಅದೇ ಮೊದಲು. ತಮ್ಮ ಜೀವಮಾನವೆಲ್ಲ ಕಂಡದ್ದು ರೋಗಿಷ್ಠ ನೆಲವನ್ನೇ ಎಂದು ಆಗ ಅವರಿಗೆ ಅರಿವಾಯಿತು. ಒಳ್ಳೆಯ ಹೊಲದ ಪಕ್ಕದಲ್ಲಿ ನಿಂತಾಗಲೇ ನಮ್ಮ ಹೊಲದ ಕುಂದು ಕಾಣುವುದು ಎಂಬುದನ್ನು ಪ್ರಾತ್ಯಕ್ಷಿಕೆ ತಾಕು ನೋಡಿದ ರೈತರು ಬಲ್ಲರು.

ಇದೇ ಕಾಲಕ್ಕೆ ತೋಳದ ಬಗ್ಗೆ ಮೊದಲ ಒಳ್ಳೆಯ ವೈಜ್ಞಾನಿಕ ಅಧ್ಯಯನವೂ ನಡೆಯಿತು. ಅಡಾಲ್ಫ್ ಮ್ಯೂರಿ ಎಂಬ ವಿಜ್ಞಾನಿ 1939ರಿಂದ 1941ರವರೆಗೆ ಅಲಾಸ್ಕದ ಮೆಕಿನ್ಲಿ ಉದ್ಯಾನದಲ್ಲಿ ತೋಳದ ಗವಿಯೆದುರು ದಿನಗಟ್ಟಲೆ ಕುಳಿತು ನೋಡಿದ. ಸತ್ತ ಕಾಡುಕುರಿಗಳ 800ಕ್ಕೂ ಹೆಚ್ಚು ತಲೆಬುರುಡೆ ಆಯ್ದು, ಕೊಂಬು ಹಲ್ಲುಗಳಿಂದ ವಯಸ್ಸು ಗುರುತಿಸಿದ. ಸತ್ತವುಗಳಲ್ಲಿ ಬಹುಪಾಲು ಎಳೆಯವು, ಮುದಿಯವು, ರೋಗದವು. ಪ್ರಾಯದ ಕುರಿ ತೋಳಕ್ಕೆ ಸಿಕ್ಕುವುದು ಕಡಿಮೆ. 1944ರಲ್ಲಿ ಈ ವರದಿ ಅಚ್ಚಾಯಿತು. ಆಮೇಲೆ ನಡೆದ ಸಂಶೋಧನೆಗಳೂ ತೋಳದ ಸಂಸಾರವನ್ನು ಬಿಡಿಸಿ ತೋರಿಸಿವೆ. ಗುಂಪೆಂದರೆ ಸಾಮಾನ್ಯವಾಗಿ ಒಂದು ಜೋಡಿ, ಅದರ ಒಂದೆರಡು ವರ್ಷದ ಮಕ್ಕಳು. ಮರಿ ಹಾಕುವುದು ಹೆಚ್ಚಾಗಿ ಆ ಒಂದು ಜೋಡಿ ಮಾತ್ರ. ಗುಂಪು ತನ್ನ ಎಲ್ಲೆಯೊಳಗೆ ಬೇರೆ ತೋಳವನ್ನು ಬಿಡದು. ಬೇಟೆ ಕಡಿಮೆಯಾದರೆ ಮರಿಗಳೇ ಮೊದಲು ಸಾಯುತ್ತವೆ. ಹೀಗಾಗಿ ತೋಳ ಮಿತಿಮೀರಿ ಹೆಚ್ಚುವುದಿಲ್ಲ. ಜಿಂಕೆಗೆ ಈ ಕಡಿವಾಣವಿಲ್ಲ. ಮೇವಿದ್ದರೆ ವರ್ಷ ವರ್ಷ ಅವಳಿ ಮರಿ ಹಾಕುತ್ತದೆ, ಮೇವು ಮುಗಿಯುವವರೆಗೂ ಹೆಚ್ಚುತ್ತದೆ.

ಕಾಡಿನ ಕುರಿಗೆ ಹೇಳಿದ್ದು ಹಟ್ಟಿಯ ಕುರಿಗೆ ಅನ್ವಯಿಸುವುದಿಲ್ಲವೆಂದು ವಾಚಕರು ಕೇಳಬಹುದು. ಆ ಮಾತು ಸರಿ. ಬೇಲಿಯೊಳಗಿನ ಕುರಿ ಓಡಲಾರದು, ತೋಳ ಅಲ್ಲಿ ಆಯ್ದು ತಿನ್ನುವುದಿಲ್ಲ. ನಮ್ಮ ಕೊಪ್ಪಳ ಕಡೆಯ ಬಯಲಿನ ಕುರುಬರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಾಯಿ, ಬಲೆಯ ಹಟ್ಟಿ, ರಾತ್ರಿ ಕಾವಲು ಇವುಗಳ ಜೊತೆಗೆ ನಷ್ಟವಾದಾಗ ತಡವಿಲ್ಲದ ಪರಿಹಾರ ಇದ್ದಲ್ಲಿ ಮಾತ್ರ ಜನ ತೋಳವನ್ನು ಸಹಿಸುತ್ತಾರೆ. 1972ರ ವನ್ಯಜೀವಿ ಕಾಯಿದೆ ತೋಳವನ್ನು ರಕ್ಷಿಸುತ್ತದೆ, ಆದರೆ ಕಾಯಿದೆ ಹಟ್ಟಿ ಕಾಯುವುದಿಲ್ಲ.

ಜಿಂಕೆ ಜಗಳ

ಲಿಯೋಪೋಲ್ಡರಿಗೆ ನಿಜವಾದ ಪರೀಕ್ಷೆ ಬಂದದ್ದು ತಮ್ಮ ಊರಲ್ಲೇ. ನಲವತ್ತರ ದಶಕದ ಹೊತ್ತಿಗೆ ವಿಸ್ಕಾನ್ಸಿನ್ನಿನಲ್ಲಿ ತೋಳ ಬೆರಳೆಣಿಕೆಗೆ ಇಳಿದಿತ್ತು, ಜಿಂಕೆ ತುಂಬಿ ತುಳುಕುತ್ತಿತ್ತು. ಚಳಿಗಾಲದಲ್ಲಿ ಜಿಂಕೆಗಳು ಒಟ್ಟುಗೂಡುವ ತಾಣಗಳಲ್ಲಿ ಹಸಿದು ಸತ್ತವುಗಳ ರಾಶಿ ಬೀಳುತ್ತಿತ್ತು. 1942ರಲ್ಲಿ ರಚನೆಯಾದ ನಾಗರಿಕರ ಜಿಂಕೆ ಸಮಿತಿಗೆ ಅವರೇ ಅಧ್ಯಕ್ಷರು. ಮರುವರ್ಷ ರಾಜ್ಯ ಸಂರಕ್ಷಣಾ ಆಯೋಗದ ಸದಸ್ಯರಾದರು. ತೋಳ ಇಲ್ಲದ ಮೇಲೆ ಆ ಕೆಲಸವನ್ನು ಬಂದೂಕೇ ಮಾಡಬೇಕು, ಗಂಡು ಜಿಂಕೆ ಮಾತ್ರವಲ್ಲ ಹೆಣ್ಣನ್ನೂ ಹೊಡೆಯಬೇಕು ಎಂದು ಅವರು ಹೇಳಿದರು. 1943ರಲ್ಲಿ ಹಾಗೆ ಅನುಮತಿ ಕೊಟ್ಟಾಗ ಒಂದು ಲಕ್ಷ ಇಪ್ಪತ್ತೆಂಟು ಸಾವಿರದಷ್ಟು ಜಿಂಕೆ ಬಿದ್ದವು. ರಾಜ್ಯವೆಲ್ಲ ಕೋಲಾಹಲ. ಅವರನ್ನು ಬೈಯುವುದಕ್ಕೆಂದೇ ಒಂದು ಪತ್ರಿಕೆ ಹುಟ್ಟಿತು. ಹೋಟೆಲು ಮಾಲೀಕರು, ಬೇಟೆಗಾರರು, ಜಿಂಕೆಮರಿಯ ಮೇಲೆ ಮಮತೆಯುಳ್ಳವರು ಎಲ್ಲ ಒಂದಾದರು. ಹಸಿದು ಸಾಯುವ ಜಿಂಕೆ ಕಾಡಿನೊಳಗೆ ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ. ಗುಂಡಿಗೆ ಬಿದ್ದದ್ದು ಕಾರಿನ ಮೇಲೆ ಕಟ್ಟಿಕೊಂಡು ಊರೊಳಗೆ ಬರುತ್ತದೆ. ಜನರ ಸಿಟ್ಟಿಗೆ ಇದೇ ಕಾರಣವೆಂದು ನನಗೆ ತೋರುತ್ತದೆ. ಐದು ವರ್ಷ, ಸಾಯುವವರೆಗೂ, ಅವರು ಆಯೋಗದಲ್ಲಿ ಕುಳಿತು ಈ ಬೈಗುಳ ತಿಂದರು.

ಈ ಗಲಾಟೆಯ ನಡುವೆ ಹಳೆಯ ಶಿಷ್ಯ ಆಲ್ಬರ್ಟ್ ಹಾಕ್‌ಬಾಮ್ ಅವರಿಂದ ಕಾಗದಗಳು ಬಂದವು. ಲಿಯೋಪೋಲ್ಡರ ಪ್ರಬಂಧಗಳ ಕರಡು ಓದಿದ ಆತನದು ನೇರ ಮಾತು. ನಾಶವಾದ ಕಾಡಿನ ಬಗ್ಗೆ ನೀವು ಮರುಗುತ್ತೀರಿ, ಆದರೆ ತೋಳದ ನಾಶದಲ್ಲಿ ನಿಮ್ಮ ಕೈಯೂ ಇತ್ತೆಂದು ಎಲ್ಲೂ ಹೇಳುವುದಿಲ್ಲವಲ್ಲ ಎಂಬುದು ಆತನ ಆಕ್ಷೇಪದ ಸಾರ. ಪ್ರಾಧ್ಯಾಪಕರಿಗೆ ಶಿಷ್ಯ ಹಾಗೆ ಬರೆಯುವುದೂ ಅಪರೂಪ, ಅದನ್ನು ಪ್ರಾಧ್ಯಾಪಕರು ಕೇಳಿಸಿಕೊಳ್ಳುವುದು ಇನ್ನೂ ಅಪರೂಪ. 1944ರ ಏಪ್ರಿಲಿನಲ್ಲಿ ಲಿಯೋಪೋಲ್ಡ್ ಎರಡು ಮೂರು ಪುಟಗಳ ಒಂದು ಪ್ರಬಂಧ ಬರೆದರು. ಬೆಟ್ಟ ಯೋಚಿಸುವ ಹಾಗೆ ಯೋಚಿಸುವುದು ಎಂಬುದು ಅದರ ಶೀರ್ಷಿಕೆಯ ಅರ್ಥ. ಮೂವತ್ತೈದು ವರ್ಷ ಹಿಂದೆ ಕೊಂದ ತಾಯಿ ತೋಳ, ಅದರ ಕಣ್ಣು, ಆಮೇಲೆ ತೋಳವಿಲ್ಲದ ಬೆಟ್ಟಗಳಲ್ಲಿ ತಾವು ಕಂಡ ಬೋಳು ಪೊದೆ, ಹಸಿದ ಜಿಂಕೆಯ ಎಲುಬು, ಕೊಚ್ಚಿಹೋಗುವ ಮಣ್ಣು, ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿದರು. ದನ ಹೆಚ್ಚಿಸಿಕೊಂಡು ತೋಳ ಕೊಲ್ಲುವವನು ತೋಳದ ಕೆಲಸವನ್ನೂ ತಾನೇ ಮಾಡಬೇಕು, ಅಂದರೆ ಹುಲ್ಲಿಗೆ ತಕ್ಕಷ್ಟೇ ದನ ಇಟ್ಟುಕೊಳ್ಳಬೇಕು, ಆ ಮಾತೂ ಅದರಲ್ಲಿದೆ. ಸರ್ಕಾರಿ ತೋಳಬೇಟೆಯ ಅಧಿಕಾರಿಯೊಬ್ಬರು ಜೊತೆಗೂಡಿ ಬರೆದ ದೊಡ್ಡ ಗ್ರಂಥವೊಂದನ್ನು ವಿಮರ್ಶಿಸುತ್ತಾ, ಕೊಂದುಹಾಕಿದ ತೋಳಗಳಲ್ಲಿ ಕೆಲವನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಏಕೆ ಬಿಡಬಾರದಿತ್ತು ಎಂದೂ ಕೇಳಿದರು. ಆಗ ಆ ಪ್ರಶ್ನೆಗೆ ಯಾರೂ ಕಿವಿಗೊಡಲಿಲ್ಲ.

1948ರ ಏಪ್ರಿಲ್ 14ರಂದು ಅವರ ಪ್ರಬಂಧ ಸಂಗ್ರಹವನ್ನು ಅಚ್ಚು ಮಾಡಲು ಪ್ರಕಾಶಕರು ಒಪ್ಪಿದ ಸುದ್ದಿ ಬಂತು. ಅದಕ್ಕೆ ಮೊದಲು ಹಲವು ಕಡೆ ಹಸ್ತಪ್ರತಿ ತಿರಸ್ಕೃತವಾಗಿತ್ತು. ಮುಂದಿನ ವಾರ, 21ರ ಬೆಳಿಗ್ಗೆ, ಸಸಿ ನೆಡಲು ಹೊಲದಲ್ಲಿದ್ದಾಗ ನೆರೆಯವರ ಜಮೀನಿನಲ್ಲಿ ಹೊಗೆ ಕಂಡಿತು. ಒಣ ಹುಲ್ಲಿಗೆ ಬೆಂಕಿ ಬಿದ್ದು ಇವರ ಪೈನ್ ತೋಪಿನ ಕಡೆ ಬರುತ್ತಿತ್ತು. ಹೆಂಡತಿ, ಕಿರಿಯ ಮಗಳ ಜೊತೆ ಓಡಿದರು. ಬೆನ್ನಿಗೆ ನೀರಿನ ಪಂಪು ಹೊತ್ತು ಬೆಂಕಿಯ ಅಂಚಿಗೆ ನೀರು ಹೊಡೆಯುತ್ತಿದ್ದಾಗ ಹೃದಯಾಘಾತವಾಗಿ ಅಲ್ಲೇ ಬಿದ್ದರು. ವಯಸ್ಸು 61. ಪುಸ್ತಕ ಮರುವರ್ಷ ಹೊರಬಂತು, ಆಮೇಲೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು.

ವಿಸ್ಕಾನ್ಸಿನ್ ತೋಳದ ತಲೆಗೆ ಇನಾಮು ಕೊಡುವುದನ್ನು ನಿಲ್ಲಿಸಿದ್ದು 1957ರಲ್ಲಿ. ಅಷ್ಟರಲ್ಲಿ ಕೊಡುವುದಕ್ಕೆ ತೋಳವೇ ಉಳಿದಿರಲಿಲ್ಲ ಎನ್ನಬಹುದು. ಎಪ್ಪತ್ತರ ದಶಕದಲ್ಲಿ ರಕ್ಷಣೆಯ ಕಾನೂನು ಬಂದ ಮೇಲೆ ಪಕ್ಕದ ಮಿನ್ನೆಸೋಟದಿಂದ ಅವು ತಾವಾಗಿಯೇ ನಡೆದು ಬಂದವು, ಸಾವಿರದ ಗಡಿ ದಾಟಿದವು. 2021ರ ಫೆಬ್ರವರಿಯಲ್ಲಿ ಬೇಟೆಗೆ ಅನುಮತಿ ಸಿಕ್ಕಾಗ ಮೂರು ದಿನ ತುಂಬುವುದರೊಳಗೆ 218 ತೋಳ ಸತ್ತವು. ಗೊತ್ತುಮಾಡಿದ್ದ ಸಂಖ್ಯೆಗಿಂತ ಅದು ಬಹಳ ಹೆಚ್ಚು. 2022ರಲ್ಲಿ ನ್ಯಾಯಾಲಯ ಮತ್ತೆ ರಕ್ಷಣೆ ಕೊಟ್ಟಿತು. ರೈತರಿಗೂ ಇಲಾಖೆಗೂ ವ್ಯಾಜ್ಯ ಮುಗಿದಿಲ್ಲ.

ಯೆಲ್ಲೋಸ್ಟೋನಿಗೆ 1995, 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಅಲ್ಲಿ ತಾನಾಗಿ ಕೂಡಿಕೊಂಡ ಮೊದಲ ಗುಂಪಿಗೆ ಲಿಯೋಪೋಲ್ಡರ ಹೆಸರಿಟ್ಟರು. ತೋಳ ಬಂದೊಡನೆ ನೆಲವೆಲ್ಲ ಸರಿಯಾಯಿತೆಂದು ಕೆಲವರು ಬರೆಯುವುದುಂಟು, ಅದು ಅತಿಶಯೋಕ್ತಿ. ಕಡವೆಯಂಥ ಎಲ್ಕ್ ಪ್ರಾಣಿಗಳು ಇಳಿಮುಖವಾಗಿ ಕೆಲವೆಡೆ ಹೊಳೆಯಂಚಿನ ಗಿಡಗಳು ಎದ್ದಿವೆ. ಅದರಲ್ಲಿ ಕರಡಿ, ಪ್ಯೂಮಾ, ಬೇಟೆಗಾರರ ಪಾಲೂ ಇದೆ. ಹಳ್ಳ ಆಳಕ್ಕೆ ಕೊರೆದು ಅಂತರ್ಜಲ ಕೆಳಗಿಳಿದ ಕಡೆ ಗಿಡ ಸರಿಯಾಗಿ ಏಳುತ್ತಿಲ್ಲ. ಎಪ್ಪತ್ತು ವರ್ಷದಲ್ಲಿ ಕೆಟ್ಟ ನೆಲ ಇಪ್ಪತ್ತು ವರ್ಷದಲ್ಲಿ ರಿಪೇರಿಯಾಗಲಿಲ್ಲ.

ದಕ್ಷಿಣದ ಮೆಕ್ಸಿಕನ್ ತೋಳದ ಕಥೆ ಇನ್ನೂ ಕಠಿಣ. ಕಾಡಿನಲ್ಲಿ ಉಳಿದಿದ್ದ ಕೊನೆಯ ಕೆಲವನ್ನು 1977ರಿಂದ 1980ರೊಳಗೆ ಹಿಡಿದು, ಒಟ್ಟು ಏಳೇ ತೋಳಗಳಿಂದ ತಳಿ ಬೆಳೆಸಿದರು. 1998ರ ಮಾರ್ಚಿಯಲ್ಲಿ ಹನ್ನೊಂದನ್ನು ಬಿಟ್ಟದ್ದು ಆರಿಜೋನಾದ ಅಪಾಚೆ ಅರಣ್ಯದಲ್ಲಿ, ಯುವಕ ಲಿಯೋಪೋಲ್ಡ್ ಮರ ಎಣಿಸುತ್ತಿದ್ದ ಬೆಟ್ಟಗಳಲ್ಲೇ. ಮೊದಲ ವರ್ಷ ಐದಕ್ಕೆ ಗುಂಡು ಬಿತ್ತು. ಮತ್ತೆ ಬಿಟ್ಟರು. 2024ರ ಕೊನೆಯ ಎಣಿಕೆಯಲ್ಲಿ ಆರಿಜೋನಾ, ನ್ಯೂ ಮೆಕ್ಸಿಕೋ ಎರಡರಲ್ಲೂ ಸೇರಿ ಕನಿಷ್ಠ 286 ತೋಳಗಳು ಸಿಕ್ಕಿವೆ. ಕರು ಕಳೆದುಕೊಂಡ ದನಗಾರರಿಗೆ ಪರಿಹಾರ ಕೊಡುವ, ಹಿಂಡಿನ ಜೊತೆ ಕುದುರೆ ಕಾವಲುಗಾರರನ್ನು ಕಳಿಸುವ ಏರ್ಪಾಟು ಅಲ್ಲಿದೆ. ಅದು ಸಾಲದೆಂದು ದನಗಾರರು ಹೇಳುತ್ತಾರೆ.